ಚರ್ಚಿನ ಬಾಗಿಲುವಾಡದಲ್ಲಿ ಮೌಖಿಕ ಕಥನ: ನಾರ್ವೆಯ ಸ್ಟಾವ್ ಚರ್ಚುಗಳು

ಮಧ್ಯಯುಗದ ಚರ್ಚುಗಳ ವಾಸ್ತುವಿನ ಚರ್ಚೆ ಬಹುಮಟ್ಟಿಗೆ ಫ್ರಾನ್ಸ್, ಇಂಗ್ಲೆಂಡುಗಳ ಕಲ್ಲಿನ ಕಟ್ಟಡಗಳ ಸುತ್ತಲೇ ನಡೆದಿದೆ. ಅದೇ ಕಾಲದಲ್ಲಿ ನಾರ್ವೆಯ ಬಡಗಿಗಳು ಮರದಲ್ಲಿ ಸಾಧಿಸಿದ್ದು ಅದಕ್ಕಿಂತ ಕಡಿಮೆಯದಲ್ಲ. ಅಲ್ಲಿನ ಭಾಷೆಯಲ್ಲಿ 'ಸ್ಟಾವ್' ಎಂದರೆ ಕಂಬ. ಕಂಬಗಳ ಆಧಾರದಲ್ಲಿ ನಿಲ್ಲುವ ಈ ಚರ್ಚುಗಳಿಗೆ ಹೆಸರು ಬಂದದ್ದು ಅದರಿಂದ. ಒಂದು ಕಾಲಕ್ಕೆ ನೂರಾರು ಇದ್ದವು. ನಾರ್ವೆಯಲ್ಲಿ ಇಂದು ಉಳಿದಿರುವುದು 28 ಮಾತ್ರ.

ಆರಂಭದ ಚರ್ಚುಗಳ ಕಂಬಗಳನ್ನು ನೆಲದಲ್ಲಿ ಹೂಳುತ್ತಿದ್ದುದರಿಂದ ಬುಡ ಕೊಳೆತು ಕಟ್ಟಡ ಬಾಳುತ್ತಿರಲಿಲ್ಲ. 12ನೆಯ ಶತಮಾನದ ಬಡಗಿಗಳು ಕಲ್ಲಿನ ಬುನಾದಿಯ ಮೇಲೆ ತೊಲೆ ಹಾಸಿ, ಅದರ ಮೇಲೆ ಕಂಬ ನಿಲ್ಲಿಸಿ, ತೊಲೆಯಲ್ಲಿ ಕೊರೆದ ತೋಡಿಗೆ ಗೋಡೆಯ ಹಲಗೆಗಳನ್ನು ಇಳಿಸಿದರು. ಮರಕ್ಕೂ ಮಣ್ಣಿಗೂ ಸಂಪರ್ಕ ತಪ್ಪಿತು. ಬೋರ್ಗುಂಡ್ ಚರ್ಚಿನ ಮರವನ್ನು 1180–81ರ ಚಳಿಗಾಲದಲ್ಲಿ ಕಡಿದದ್ದೆಂದು ಮರದ ಬೆಳವಣಿಗೆಯ ಉಂಗುರಗಳ ಪರೀಕ್ಷೆ ತೋರಿಸಿದೆ. ಆ ಕಟ್ಟಡ ಇಂದಿಗೂ ನಿಂತಿದೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇನ್ನೂ ಕುತೂಹಲಕರವಾದುದು ಬಾಗಿಲುವಾಡಗಳ ಕೆತ್ತನೆ. ಸೇಟೆಸ್‌ಡಾಲ್ ಕಣಿವೆಯ ಹಿಲೆಸ್ಟಾಡ್ ಚರ್ಚನ್ನು 17ನೆಯ ಶತಮಾನದಲ್ಲಿ ಕೆಡವಲಾಯಿತು. ಸುಮಾರು 1200ರಲ್ಲಿ ಕೆತ್ತಿದ ಅದರ ಬಾಗಿಲುವಾಡ ಓಸ್ಲೋದ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವುದು ಬೈಬಲಿನ ಕಥೆಯಲ್ಲ, ಸಿಗುರ್ಡ್ ಎಂಬ ವೀರನ ಕಥೆ. ಕಮ್ಮಾರ ರೆಗಿನ್ ಕತ್ತಿ ಬಡಿಯುತ್ತಾನೆ. ಸಿಗುರ್ಡ್ ಅದನ್ನು ಪರೀಕ್ಷಿಸುತ್ತಾನೆ. ಮಹಾಸರ್ಪ ಫಾಫ್ನಿರನನ್ನು ಇರಿಯುತ್ತಾನೆ. ಅದರ ಹೃದಯವನ್ನು ಸುಡುವಾಗ ಬೆರಳು ಬಾಯಿಗಿಟ್ಟು ಹಕ್ಕಿಗಳ ಮಾತು ತಿಳಿಯುತ್ತಾನೆ. ಈ ಕಥೆಯ ಹಾಡುಗಳಿರುವ ಪ್ರಧಾನ ಹಸ್ತಪ್ರತಿ ಸುಮಾರು 1270ರದು. ಅಂದರೆ ಉಳಿ ಲೇಖನಿಗಿಂತ ಮುಂದಿತ್ತು.

ಇದನ್ನು ಹಳೆಯ ಧರ್ಮದ ಅವಶೇಷವೆಂದು ಕರೆಯುವುದು ಸುಲಭ, ಆದರೆ ಕಾಲಗಣನೆ ಅದಕ್ಕೆ ಒಪ್ಪುವುದಿಲ್ಲ. ರಾಜ ಓಲಾವ್ 1030ರಲ್ಲಿ ಮಡಿದು ಸಂತನೆನಿಸಿಕೊಂಡಿದ್ದ; ಹಿಲೆಸ್ಟಾಡಿನ ಶಿಲ್ಪಿ ಹಲವು ತಲೆಮಾರುಗಳ ಕ್ರೈಸ್ತ ಸಮಾಜದವನು. ಸರ್ಪವಧೆಯು ಸೈತಾನನ ಮೇಲಿನ ಜಯದ ಸಂಕೇತ ಎಂಬ ವಿವರಣೆಯೂ ಇದೆ. ಅಷ್ಟೇ ಉದ್ದೇಶವಾಗಿದ್ದರೆ ಒಂದು ದೃಶ್ಯ ಸಾಕಿತ್ತು. ಶಿಲ್ಪಿ ಕಥೆಯನ್ನು ಅಲ್ಲಿಗೆ ನಿಲ್ಲಿಸದೆ ರೆಗಿನನ ಕೊಲೆಯನ್ನೂ ನಿಧಿ ಹೊತ್ತ ಕುದುರೆಯನ್ನೂ ಕೆತ್ತಿದ್ದಾನೆ. ಕೊನೆಗೆ, ಹಾವುಗಳ ಗುಂಡಿಯಲ್ಲಿ ಗುನ್ನರ್ ಕಾಲಿನಿಂದ ಹಾರ್ಪ್ ನುಡಿಸುತ್ತಾನೆ. ಅವನ ಕೈಗಳನ್ನು ಕಟ್ಟಿಹಾಕಿದ್ದರೆಂಬ ಕಥೆಯನ್ನು ಕೇಳಿ ಬಲ್ಲವರಿಗಷ್ಟೇ ಆ ಚಿತ್ರ ಅರ್ಥವಾಗುತ್ತದೆ. ಆ ಬಾಗಿಲು ದಾಟುವವರಿಗೆ ಅದು ಗೊತ್ತಿದೆಯೆಂದೇ ಶಿಲ್ಪಿ ನಂಬಿದ್ದಂತೆ ತೋರುತ್ತದೆ.