ಬಣ್ಣ ಬರೆಯುವ ಕಾಲಂ

ಹಳ್ಳಿ ಸ್ಕೂಲಿನ ಮೇಷ್ಟ್ರಿಗೆ ರಿಜಿಸ್ಟರು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಅಪ್ಪನೋ ಅವ್ವನೋ ಮಗುವಿನ ಕೈ ಹಿಡಕೊಂಡು ಬಂದು ಮೇಜಿನ ಮುಂದೆ ನಿಲ್ಲುತ್ತಾರೆ. ಹೆಸರು, ತಂದೆ ಹೆಸರು, ಹುಟ್ಟಿದ ತಾರೀಖು ಸಲೀಸಾಗಿ ಬರುತ್ತವೆ. ಜಾತಿ ಕಾಲಂ ಬಂದಾಗ ಅವ್ವನ ದನಿ ತಗ್ಗುತ್ತದೆ. ಆ ಕಾಲಂ ಎಷ್ಟೋ ವರ್ಷ ತುಂಬಿದವನು ನಾನು. ಅದನ್ನು ತುಂಬದೆ ಬಿಟ್ಟರೆ ಸ್ಕಾಲರ್‌ಷಿಪ್ ಇಲ್ಲ, ಹಾಸ್ಟೆಲ್ ಇಲ್ಲ ಅನ್ನೋದೂ ಗೊತ್ತು, ತುಂಬುವಾಗ ಆ ತಾಯಿ ಯಾಕೆ ನೆಲ ನೋಡುತ್ತಾಳೆ ಅನ್ನೋದೂ ಗೊತ್ತು. ಅಮೆರಿಕದ ಮದುವೆ ಪುಸ್ತಕಗಳ ಚರಿತ್ರೆ ಓದುವಾಗ ಈ ಕಾಲಂ ನನ್ನ ಬೆನ್ನು ಬಿಡಲಿಲ್ಲ. ಅಲ್ಲಿ ಜಾತಿಯ ಜಾಗದಲ್ಲಿ ಬಣ್ಣ ಅಂತ ಬರೆದಿರುತ್ತಿತ್ತು.

ಮೊದಲು ಆ ಕಚೇರಿ ಎಂಥದು ನೋಡೋಣ. ಅಮೆರಿಕದ ಒಂದೊಂದು ರಾಜ್ಯವೂ ಕೌಂಟಿಗಳಾಗಿ ಹಂಚಿಹೋಗಿದೆ. ಸುಮಾರಾಗಿ ನಮ್ಮ ತಾಲ್ಲೂಕು, ಜಿಲ್ಲೆಗಳ ನಡುವಿನ ಗಾತ್ರ. ಇಡೀ ದೇಶದಲ್ಲಿ 3,000ಕ್ಕೂ ಹೆಚ್ಚು. ಮದುವೆಯ ಲೆಕ್ಕ ದಿಲ್ಲಿಯಂಥ ರಾಜಧಾನಿಯಲ್ಲಿಲ್ಲ, ಹೆಚ್ಚಿನ ಕಡೆ ಈ ಕೌಂಟಿ ಕಚೇರಿಯಲ್ಲೇ ಇದೆ. ಅದನ್ನು ನೋಡಿಕೊಳ್ಳುವವನು ಕೌಂಟಿ ಕ್ಲರ್ಕ್. ಕ್ಲರ್ಕ್ ಅಂದ ಮಾತ್ರಕ್ಕೆ ನಮ್ಮ ಕಚೇರಿ ಗುಮಾಸ್ತ ಅಂದುಕೊಳ್ಳಬೇಡಿ, ಬಹಳ ಕಡೆ ಅವನು ಓಟು ಗೆದ್ದು ಕೂತ ಅಧಿಕಾರಿ. ಮದುವೆಯಾಗುವ ಇಬ್ಬರೂ ಅವನ ಮುಂದೆ ಹೋಗಬೇಕು. ಹೆಸರು, ವಯಸ್ಸು, ಹುಟ್ಟಿದ ಊರು, ತಂದೆತಾಯಿ, ಹಿಂದೆ ಮದುವೆ ಆಗಿದ್ದರೆ ಅದು ಮುಗಿದದ್ದು ಹೇಗೆ, ಇಷ್ಟನ್ನೂ ಬರೆದುಕೊಟ್ಟು ಫೀಜು ಕಟ್ಟಿದರೆ ಲೈಸೆನ್ಸು ಸಿಗುತ್ತದೆ. ಅದು ಮದುವೆಯಲ್ಲ, ಮದುವೆಗೆ ಸರ್ಕಾರದ ಅಪ್ಪಣೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಆಯುಸ್ಸು 90 ದಿನ. ಟೆಕ್ಸಾಸಿನಲ್ಲಿ ಅದು ಕೈಗೆ ಬಂದ ಮೇಲೂ ಸಾಮಾನ್ಯವಾಗಿ 72 ಗಂಟೆ ಕಾಯಬೇಕು. ಆಮೇಲೆ ಪಾದ್ರಿಯೋ ನ್ಯಾಯಾಧೀಶನೋ ಮದುವೆ ಮಾಡಿಸಿ, ಅದೇ ಕಾಗದಕ್ಕೆ ಸಹಿ ಹಾಕಿ, ಕೌಂಟಿಗೆ ವಾಪಸು ಕಳಿಸುತ್ತಾನೆ. ಪುಸ್ತಕಕ್ಕೆ ಏರಿದ ಮೇಲೆ ಮದುವೆ ದಾಖಲೆಯಾಯಿತು. ಇಷ್ಟೇ ಕೆಲಸ. ಆದರೆ ಅಪ್ಪಣೆ ಕೊಡುವ ಕೈಗೆ ಕೊಡದಿರುವ ಅಧಿಕಾರವೂ ಇರುತ್ತದಲ್ಲ, ಕತೆ ಇರುವುದು ಅಲ್ಲಿ.

ಗುಲಾಮರಿಗೆ ಈ ಕಚೇರಿಯ ಬಾಗಿಲೇ ಇರಲಿಲ್ಲ. ಮದುವೆ ಅಂದರೆ ಕರಾರು. ಕರಾರು ಮಾಡಿಕೊಳ್ಳಲು ಮನುಷ್ಯನಾಗಿರಬೇಕು. ಕಾನೂನಿನ ಕಣ್ಣಿಗೆ ಗುಲಾಮ ಸ್ವತ್ತು. ಎತ್ತಿಗೆ, ನೇಗಿಲಿಗೆ ಯಾರು ಲೈಸೆನ್ಸು ಕೊಡುತ್ತಾರೆ? ಆದರೂ ಅವರು ಮದುವೆಯಾದರು. ನೆಲದ ಮೇಲಿಟ್ಟ ಪೊರಕೆಯನ್ನು ಇಬ್ಬರೂ ಕೈಹಿಡಿದು ದಾಟಿದರೆ ಗಂಡಹೆಂಡತಿ, ಹಾಗೊಂದು ವಾಡಿಕೆ ಮಾಡಿಕೊಂಡಿದ್ದರು. ಒಡೆಯನಿಗೆ ದುಡ್ಡು ಬೇಕಾದ ದಿನ ಗಂಡ ಒಂದು ಸಂತೆಗೆ, ಹೆಂಡತಿ ಇನ್ನೊಂದು ಸಂತೆಗೆ. ಮಗನ ಮದುವೆಗೆ ಸಾಲ ತಂದು ಆ ಮಗನನ್ನೇ ಜೀತಕ್ಕೆ ಬಿಟ್ಟ ಅಪ್ಪಂದಿರನ್ನು ಕಂಡವರು ನಾವು. ಮದುವೆ ಮತ್ತು ಒಡೆತನ ಹೇಗೆ ಹೆಣೆದುಕೊಳ್ಳುತ್ತವೆ ಅನ್ನೋದನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

1861ರಿಂದ 1865ರವರೆಗೆ ಅಂತರ್ಯುದ್ಧ ನಡೆಯಿತು. 1865ರ ಕೊನೆಗೆ ಗುಲಾಮಗಿರಿ ಸಂವಿಧಾನದಿಂದಲೇ ಅಳಿಯಿತು. ಬಿಡುಗಡೆಯಾದ ಜನ ಮೊದಲು ಏನು ಮಾಡಿದರು? ಭೂಮಿ ಕೇಳಿದರು, ಓದು ಕೇಳಿದರು, ಜೊತೆಗೆ ಮದುವೆಯ ಕಾಗದ ಕೇಳಿದರು. ಇಪ್ಪತ್ತು ಮೂವತ್ತು ವರ್ಷ ಸಂಸಾರ ಮಾಡಿ ಮೊಮ್ಮಕ್ಕಳನ್ನು ಎತ್ತಿಕೊಂಡವರೂ ಸಾಲಾಗಿ ನಿಂತು ಹೆಸರು ಬರೆಸಿದರು. ಕಾಗದ ಬರೀ ಮರ್ಯಾದೆಗಲ್ಲ. ಮಕ್ಕಳು ತಮ್ಮವರೆಂದು ಸಾಧಿಸಲು, ಯುದ್ಧದಲ್ಲಿ ಸತ್ತ ಸೈನಿಕನ ಹೆಂಡತಿ ಪಿಂಚಣಿ ಕೇಳಲು ಮದುವೆಯ ರುಜುವಾತು ಬೇಕಿತ್ತು. ಪೊರಕೆಯನ್ನು ಸಾಕ್ಷಿಗೆ ಕರೆಯಲಾಗುತ್ತದೆಯೇ?

ನಾರ್ತ್ ಕೆರೊಲಿನಾ ರಾಜ್ಯ 1866ರ ಮಾರ್ಚಿನಲ್ಲಿ ಕಾನೂನು ಮಾಡಿತು. ಗಂಡಹೆಂಡತಿಯಾಗಿ ಬಾಳುತ್ತಿರುವ ಮಾಜಿ ಗುಲಾಮರು ಕೌಂಟಿ ಕೋರ್ಟಿನ ಕ್ಲರ್ಕ್ ಅಥವಾ ಸ್ಥಳೀಯ ಮ್ಯಾಜಿಸ್ಟ್ರೇಟನ ಮುಂದೆ ಹೋಗಿ, ಎಂದಿನಿಂದ ಕೂಡಿ ಬಾಳುತ್ತಿದ್ದೇವೆ ಎಂದು ಹೇಳಿ, 25 ಸೆಂಟ್ ಕಟ್ಟಿ ಬರೆಸಬೇಕು, ಬರೆಸದಿದ್ದರೆ ಅಪರಾಧ. ಅದೇ ಕಾಯ್ದೆಯ ಇನ್ನೊಂದು ಕಲಮು ಬಿಳಿಯರಿಗೂ ಬಣ್ಣದವರಿಗೂ ಮದುವೆ ಆಗಕೂಡದು ಅಂತು. ಒಂದೇ ಕಾಗದ ನೋಡಿ: ಮೇಲೆ ನಿಮ್ಮ ಮದುವೆಯನ್ನು ಒಪ್ಪಿದೆವು ಎಂದಿದೆ, ಕೆಳಗೆ ನಮ್ಮ ಮನೆ ಹೆಣ್ಣಿನ ತಂಟೆಗೆ ಬರಬೇಡಿ ಎಂದಿದೆ. ಒಡೆಯರು ಗುಲಾಮ ಹೆಂಗಸರಿಗೆ ಹುಟ್ಟಿಸಿದ ಮಕ್ಕಳು ಊರತುಂಬ ಓಡಾಡುತ್ತಿದ್ದಾಗ ಈ ಕಲಮು ಬರೆದರು. ಅವರು ಹೆದರಿದ್ದು ಕೂಡುವುದಕ್ಕಲ್ಲ. ಕೂಡಿದ್ದು ಪುಸ್ತಕಕ್ಕೆ ಏರಿದರೆ ಆಸ್ತಿಯಲ್ಲಿ ಪಾಲು ಕೇಳುತ್ತದೆ, ಅದಕ್ಕೆ.

ಅಲ್ಲಿಂದ ಮುಂದೆ ದಕ್ಷಿಣದ ಬಹಳಷ್ಟು ಕೌಂಟಿಗಳಲ್ಲಿ ಎರಡು ಪುಸ್ತಕಗಳಾದವು, ಬಿಳಿಯರ ಮದುವೆಗೊಂದು, ಬಣ್ಣದವರ ಮದುವೆಗೊಂದು. ಹೋಟೆಲಿನಲ್ಲಿ ಎರಡು ಲೋಟ ಇದ್ದ ಹಾಗೆ. ಒಂದೇ ಪುಸ್ತಕ ಇದ್ದ ಕಡೆ ಹೆಸರಿನ ಮುಂದೆ ಗುರುತು ಹಾಕುತ್ತಿದ್ದರು.

ಇದನ್ನು ಶಾಸ್ತ್ರ ಮಾಡಿ ನಿಲ್ಲಿಸಿದ್ದು ವರ್ಜೀನಿಯಾ. 1924ರಲ್ಲಿ ಅಲ್ಲಿ ಜನಾಂಗ ಶುದ್ಧಿಯ ಕಾಯ್ದೆ ಬಂತು. ಬಿಳಿಯ ಅಂದರೆ ಬೇರೆ ರಕ್ತದ ಸುಳಿವೂ ಇಲ್ಲದವನು. ಆದರೆ ಆ ರಾಜ್ಯದ ದೊಡ್ಡ ಮನೆತನಗಳು ತಾವು ಪೊಕಾಹೊಂಟಸ್ ಎಂಬ ಮೂಲನಿವಾಸಿ ಹೆಣ್ಣಿನ ವಂಶದವರು ಎಂದು ಹೆಮ್ಮೆ ಕೊಚ್ಚಿಕೊಳ್ಳುತ್ತಿದ್ದವು. ಅವರಿಗೋಸ್ಕರ ಹದಿನಾರನೇ ಒಂದು ಪಾಲಿನವರೆಗೆ ಮೂಲನಿವಾಸಿ ರಕ್ತ ಇದ್ದರೂ ಬಿಳಿಯರೇ ಎಂದು ರಿಯಾಯಿತಿ ಸೇರಿಸಿದರು. ಧರ್ಮಶಾಸ್ತ್ರಗಳು ದೊಡ್ಡವರಿಗೆ ಬಿಡುವ ಸಂದು ಎಲ್ಲಾ ದೇಶದಲ್ಲೂ ಒಂದೇ ಅಳತೆಯದು. ಮದುವೆಗೆ ಬಂದವರು ಹೇಳಿದ ಬಣ್ಣ ನಿಜವೆಂದು ಖಾತ್ರಿಯಾಗುವವರೆಗೆ ಕ್ಲರ್ಕ್ ಲೈಸೆನ್ಸು ಕೊಡಕೂಡದು. ಜನನ ಮರಣ ಮದುವೆಗಳ ಲೆಕ್ಕದ ರಾಜ್ಯ ಅಧಿಕಾರಿ ವಾಲ್ಟರ್ ಪ್ಲೆಕರ್ 1912ರಿಂದ 1946ರವರೆಗೆ ಆ ಕುರ್ಚಿಯಲ್ಲಿ ಕೂತಿದ್ದ. ಕೌಂಟಿಗಳಿಗೆ ಪತ್ರದ ಮೇಲೆ ಪತ್ರ ಬರೆದು, ಇಂಥ ಮನೆತನದವರನ್ನು ಬಿಳಿಯರೆಂದು ಬರೆಯಬೇಡಿ ಎಂದು ಹೆಸರಿನ ಪಟ್ಟಿ ಕಳಿಸುತ್ತಿದ್ದ. ವರ್ಜೀನಿಯಾದ ಮೂಲನಿವಾಸಿಗಳನ್ನೆಲ್ಲ ಬಣ್ಣದವರ ಕಾಲಂಗೆ ತಳ್ಳಿದ. ಅವನು ತಿದ್ದಿದ ಕಾಗದ, ಆರು ಬುಡಕಟ್ಟುಗಳು ತಾವು ಇದ್ದೇವೆಂದು ಕೇಂದ್ರ ಸರ್ಕಾರಕ್ಕೆ ತೋರಿಸಹೋದಾಗ ಅಡ್ಡ ಬಂತು. ಕೊನೆಗೆ ಅವರಿಗೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ, ಕಾಂಗ್ರೆಸ್ಸು ಬೇರೆಯಾಗಿ ಕಾಯ್ದೆ ಮಾಡಿದ ಮೇಲೆ.

ಇಲ್ಲಿ ನಮ್ಮ ದೇಶದವರ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪಂಜಾಬಿನಿಂದ ಹೋಗಿ ಅಮೆರಿಕದ ಸೈನ್ಯದಲ್ಲಿ ದುಡಿದ ಭಗತ್ ಸಿಂಗ್ ಥಿಂಡ್ ಅಲ್ಲಿನ ಪೌರತ್ವ ಕೇಳಿದರು. ಆಗ ವಲಸೆ ಬಂದವರಲ್ಲಿ ಬಿಳಿಯರು ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಥಿಂಡ್ ಪರ ವಾದ ಏನು ಗೊತ್ತೆ? ಇವರು ಮೇಲ್ಜಾತಿಯ ಹಿಂದೂ, ಆರ್ಯ, ಆದ್ದರಿಂದ ಬಿಳಿಯರೇ. ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕದವನು ಮದುವೆಯ ವಿಚಾರದಲ್ಲಿ ನೀಗ್ರೋವನ್ನು ಹೇಗೆ ಕಾಣುತ್ತಾನೋ ಮೇಲ್ಜಾತಿ ಹಿಂದೂ ತನ್ನ ನೆಲದ ಮೂಲ ಜನರನ್ನು ಹಾಗೆಯೇ ಕಾಣುತ್ತಾನೆ, ಅಂತಲೂ ಬರೆದರು. ನಮ್ಮನ್ನು ಮುಟ್ಟದಿರುವುದೇ ಇವರಿಗೆ ಬಿಳಿತನದ ಸರ್ಟಿಫಿಕೇಟು! 1923ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ಜನ ಬಿಳಿಯ ಅನ್ನುವವನು ನೀನಲ್ಲ ಎಂದು ಅರ್ಜಿ ತಳ್ಳಿತು. ಏಳು ವರ್ಷ ಮುಂಚೆ, 1916ರ ಮೇ ತಿಂಗಳಲ್ಲಿ, ಅದೇ ದೇಶದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಒಂದು ಪ್ರಬಂಧ ಓದಿದ್ದರು. ಜಾತಿಯ ತಿರುಳು ಒಳಮದುವೆ, ಗುಂಪಿನ ಹೊರಗೆ ಹೆಣ್ಣುಗಂಡು ಕೊಡದೆ ತರದೆ ಇರುವ ಕಟ್ಟು, ಎಂದು ಅದರಲ್ಲಿ ತೋರಿಸಿದ್ದರು. ಇಬ್ಬರೂ ಕಂಡದ್ದು ಒಂದೇ ಸತ್ಯ. ಒಬ್ಬರು ಅದನ್ನು ರೋಗ ಅಂದರು, ಇನ್ನೊಬ್ಬರ ಪರವಾಗಿ ಅದನ್ನೇ ಅರ್ಹತೆಯೆಂದು ಮಂಡಿಸಿದರು.

ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿಯಲ್ಲಿ ಹೊಲಗೆಲಸಕ್ಕಿದ್ದ ಪಂಜಾಬಿ ಗಂಡಸರು ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಕ್ಲರ್ಕ್ ಕೆಲವು ಸಲ ಇಬ್ಬರ ಮುಂದೆಯೂ ಕಂದು ಎಂದು ಬರೆದು ಕೈತೊಳೆದುಕೊಂಡ. ಕಾನೂನಿನಲ್ಲಿ ಇಲ್ಲದ ಬಣ್ಣ ಅದು. ಕಾಲಂ ಎಷ್ಟು ಪೊಳ್ಳು ಅನ್ನೋದು ಅದನ್ನು ತುಂಬುವವನಿಗೇ ಮೊದಲು ಗೊತ್ತಾಗುತ್ತದೆ.

ಅದೇ ರಾಜ್ಯದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಆಂಡ್ರಿಯಾ ಪೆರೆಜ್, ಸಿಲ್ವೆಸ್ಟರ್ ಡೇವಿಸ್ ಅರ್ಜಿ ಹಾಕಿದರು. ಅವಳ ಕಾಲಂನಲ್ಲಿ ಬಿಳಿ, ಅವನದರಲ್ಲಿ ನೀಗ್ರೋ. ಕ್ಲರ್ಕ್ ಲೈಸೆನ್ಸು ಕೊಡಲಿಲ್ಲ. 1948ರ ಅಕ್ಟೋಬರ್ 1ರಂದು ರಾಜ್ಯದ ಸುಪ್ರೀಂ ಕೋರ್ಟು ನಾಲ್ಕಕ್ಕೆ ಮೂರರಂತೆ ಆ ನಿಷೇಧವನ್ನು ಹೊಡೆದುಹಾಕಿತು. ಅದೇ ವರ್ಷದ ಏಪ್ರಿಲ್ 15ರಂದು ದಿಲ್ಲಿಯಲ್ಲಿ ಅಂಬೇಡ್ಕರ್, ಬ್ರಾಹ್ಮಣ ಮನೆತನದ ಡಾಕ್ಟರ್ ಶಾರದಾ ಕಬೀರ್ ಅವರನ್ನು ರಿಜಿಸ್ಟರ್ ಮದುವೆಯಾಗಿದ್ದರು. ಜಾತಿ ಬೇರೆಯಾದರೂ ಹಿಂದೂಗಳ ಮದುವೆ ಸಿಂಧು ಎಂದು ಹೇಳುವ ಕಾಯ್ದೆ ನಮ್ಮಲ್ಲಿ ಬಂದದ್ದು 1949ರಲ್ಲಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಲೈಸೆನ್ಸು ಇಲ್ಲ, ನೋಟಿಸು ಇದೆ. 30 ದಿನ ಕಾಯಬೇಕು, ಇಬ್ಬರ ಹೆಸರನ್ನೂ ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು. ಓಡಿಬಂದ ಜೋಡಿಗೆ ಆ 30 ದಿನ ಎಷ್ಟು ಉದ್ದ ಅನ್ನೋದು ಅವರನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡ ಗೆಳೆಯರಿಗೆ ಗೊತ್ತು.

ವರ್ಜೀನಿಯಾದಲ್ಲಿ ಕಾಲಂ ಗಟ್ಟಿಯಾಗಿಯೇ ನಿಂತಿತ್ತು. ಕ್ಯಾರೊಲೈನ್ ಕೌಂಟಿಯ ರಿಚರ್ಡ್ ಲವಿಂಗ್ ಗಾರೆ ಕೆಲಸದವನು, ಬಿಳಿಯ. ಮಿಲ್ಡ್ರೆಡ್ ಜೆಟರ್ ಕಪ್ಪು ಮತ್ತು ಮೂಲನಿವಾಸಿ ಮೂಲದವಳು. ತಮ್ಮ ಕೌಂಟಿಯಲ್ಲಿ ಲೈಸೆನ್ಸು ಸಿಗುವಂತಿರಲಿಲ್ಲ. 1958ರ ಜೂನಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಬಂದು ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಐದಾರು ವಾರದ ಮೇಲೆ ಒಂದು ರಾತ್ರಿ ಷೆರಿಫ್ ನೇರವಾಗಿ ಮಲಗುವ ಕೋಣೆಗೇ ನುಗ್ಗಿದ. ಗೋಡೆಯ ಕಾಗದ ತೋರಿಸಿದರು. ಇಲ್ಲಿ ಅದು ನಡೆಯೋದಿಲ್ಲ ಅಂದ. 1959ರ ಜನವರಿಯಲ್ಲಿ ಒಂದು ವರ್ಷ ಜೈಲು ಶಿಕ್ಷೆಯಾಯಿತು. 25 ವರ್ಷ ಇಬ್ಬರೂ ಒಟ್ಟಿಗೆ ಈ ರಾಜ್ಯಕ್ಕೆ ಕಾಲಿಡದಿದ್ದರೆ ಆ ಶಿಕ್ಷೆ ಅಮಾನತು. ದೇವರು ಬೇರೆಬೇರೆ ಜನಾಂಗಗಳನ್ನು ಬೇರೆಬೇರೆ ಖಂಡದಲ್ಲಿಟ್ಟ, ಬೆರೆಯಲಿ ಅನ್ನೋದು ಅವನ ಇಷ್ಟವಲ್ಲ, ಎಂದು ಆ ನ್ಯಾಯಾಧೀಶ ಆಮೇಲೆ ಬರೆದ. ಆ ಖಂಡಗಳಿಂದ ಹಡಗಿನಲ್ಲಿ ತುಂಬಿ ತಂದವರು ಯಾರು ಅಂತ ಅವನು ಬರೆಯಲಿಲ್ಲ. ಊರು ಬಿಟ್ಟು ಕೊರಗಿದ ಮಿಲ್ಡ್ರೆಡ್ 1963ರಲ್ಲಿ ಕಾನೂನು ಮಂತ್ರಿ ರಾಬರ್ಟ್ ಕೆನಡಿಗೆ ಕಾಗದ ಬರೆದಳು. ಅಲ್ಲಿಂದ ಎದ್ದ ಮೊಕದ್ದಮೆ 1967ರ ಜೂನ್ 12ರಂದು ಸುಪ್ರೀಂ ಕೋರ್ಟಿನಲ್ಲಿ ಒಮ್ಮತದಿಂದ ಗೆದ್ದಿತು. ಆ ದಿನ 16 ರಾಜ್ಯಗಳಲ್ಲಿ ಇಂಥ ನಿಷೇಧ ಇತ್ತು. ಅಲಬಾಮಾ ತನ್ನ ಸಂವಿಧಾನದಿಂದ ಆ ಸತ್ತ ಸಾಲನ್ನು ತೆಗೆದದ್ದು 2000ದಲ್ಲಿ. ತೆಗೆಯಬೇಡಿ ಎಂದು ಓಟು ಹಾಕಿದವರು ನೂರಕ್ಕೆ ಸುಮಾರು 40.

ನಿಷೇಧ ಹೋಯಿತು. ಕಾಲಂ? ಅದು ವರ್ಜೀನಿಯಾದ ಅರ್ಜಿಯಲ್ಲಿ ಇನ್ನೂ 52 ವರ್ಷ ಕೂತಿತ್ತು. ಒಂದು ಕೌಂಟಿಯಲ್ಲಿ ಆರಿಸಿಕೊಳ್ಳಿ ಎಂದು ಕೊಟ್ಟ ಪಟ್ಟಿಯಲ್ಲಿ 200ಕ್ಕೂ ಹೆಚ್ಚು ಜನಾಂಗಗಳಿದ್ದವು, ಆರ್ಯ ಎಂಬುದೂ ಅದರಲ್ಲಿತ್ತು. 2019ರಲ್ಲಿ ಮೂರು ಜೋಡಿಗಳು ಬರೆಯೋದಿಲ್ಲ ಎಂದು ಕೋರ್ಟಿಗೆ ಹೋದವು. ಅಕ್ಟೋಬರಿನಲ್ಲಿ ಫೆಡರಲ್ ನ್ಯಾಯಾಧೀಶ ಆ ಕಡ್ಡಾಯವನ್ನು ರದ್ದು ಮಾಡಿದ.

ಈ ಪುಸ್ತಕಗಳನ್ನು ಈಗ ಹೆಚ್ಚಾಗಿ ತೆರೆಯುವವರು ಮೊಮ್ಮಕ್ಕಳು, ಮರಿಮಕ್ಕಳು. ಹುಡುಕುವ ಕ್ರಮ ಸರಳ. ಮದುವೆಯಾದ ಕೌಂಟಿ ಮೊದಲು ಗೊತ್ತಾಗಬೇಕು. ಗೊತ್ತಿಲ್ಲದಿದ್ದರೆ ಹೆಣ್ಣಿನ ತವರು ಕೌಂಟಿ ನೋಡಬೇಕು, ಸುತ್ತಲಿನವನ್ನು ನೋಡಬೇಕು, ಗಡಿ ದಾಟಿ ಪಕ್ಕದ ರಾಜ್ಯವನ್ನೂ ನೋಡಬೇಕು. ಗಂಡಿನ ಹೆಸರಿಗೊಂದು, ಹೆಣ್ಣಿನ ತವರು ಹೆಸರಿಗೊಂದು ಸೂಚಿ ಇರುತ್ತದೆ. ಕ್ಲರ್ಕ್ ಕಿವಿಗೆ ಕೇಳಿದಂತೆ ಬರೆದಿರುತ್ತಾನೆ, ಆದ್ದರಿಂದ ಒಂದೇ ಹೆಸರನ್ನು ನಾಲ್ಕು ಥರ ಓದಿ ನೋಡಬೇಕು. ಲೈಸೆನ್ಸು ಇದ್ದು ಪಾದ್ರಿಯ ಸಹಿ ವಾಪಸು ಬಂದಿಲ್ಲವಾದರೆ ಮದುವೆ ಆಯಿತೆಂದು ನಂಬುವಂತಿಲ್ಲ.

ಕಪ್ಪು ಜನರಿಗೆ ಈ ದಾರಿ 1870ರಲ್ಲಿ ಬಂದು ನಿಲ್ಲುತ್ತದೆ. ಬಿಡುಗಡೆಯಾದವರ ಹೆಸರುಗಳು ಸಾರಾಸಗಟಾಗಿ ಜನಗಣತಿಗೆ ಏರಿದ್ದು ಆ ವರ್ಷ. ಅದಕ್ಕೆ ಹಿಂದಿನ 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಇಷ್ಟೇ. ಆ ಗೋಡೆಯಲ್ಲಿರುವ ಒಂದು ಕಿಂಡಿ ವರ್ಜೀನಿಯಾದ 1866ರ ಪುಸ್ತಕ. ಆ ವರ್ಷದ ಫೆಬ್ರವರಿ 27ರಂದು ಕೂಡಿ ಬಾಳುತ್ತಿದ್ದ ಜೋಡಿಗಳನ್ನು ಕೌಂಟಿವಾರು ಬರೆದ ಪಟ್ಟಿ. ಉಳಿದಿರುವ ಕೌಂಟಿಗಳ ಪುಟಗಳನ್ನು ರಾಜ್ಯದ ಗ್ರಂಥಾಲಯ ಎಲ್ಲರಿಗೂ ನೋಡಲು ಇಟ್ಟಿದೆ. ಅದರಲ್ಲಿ ಗಂಡನ ಹೆಸರು, ವಯಸ್ಸು, ಹುಟ್ಟಿದ ಜಾಗ, ಕಸುಬು, ಹೆಂಡತಿಯ ವಿವರ, ಮಕ್ಕಳ ಹೆಸರು ವಯಸ್ಸು, ಕೂಡಿ ಬಾಳತೊಡಗಿದ ವರ್ಷ ಇದೆ. ನಡುವೆ ಇನ್ನೊಂದು ಕಾಲಂ: ಕಡೆಯ ಒಡೆಯ. ಹುಡುಕುವ ಮರಿಮಗಳು ಬೆರಳಿಟ್ಟು ನಿಲ್ಲುವುದು ಅಲ್ಲಿ. ಮುಂದಿನ ಹೆಜ್ಜೆಗೆ ಆ ಹೆಸರು ಬೇಕೇ ಬೇಕು. ಅದನ್ನು ಬರೆದುಕೊಂಡು, ಅದೇ ಕೌಂಟಿ ಕಚೇರಿಯಲ್ಲಿರುವ ಆ ಒಡೆಯನ ಉಯಿಲು, ಆಸ್ತಿಯ ಯಾದಿ ತೆಗೆಸಿ, ಹಸು ಕುದುರೆ ಗಾಡಿಗಳ ಸಾಲಿನಲ್ಲಿ ಡಾಲರಿನ ಬೆಲೆಯೊಂದಿಗೆ ಬರೆದಿರುವ ತನ್ನ ಅಜ್ಜಿಯ ಅಜ್ಜಿಯ ಹೆಸರನ್ನು ಹುಡುಕಬೇಕು.