ಸಾಂಬ್ರಾದಿಂದ ದಾಬೋಲಿಂಗೆ ಎಷ್ಟು ನಿಮಿಷ?

ಇವತ್ತಿನ ಕಂತು ಒಂದು ಸಣ್ಣ ಲೆಕ್ಕದಿಂದ ಶುರು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಗೋವಾದ ದಾಬೋಲಿಂಗೆ ಎಷ್ಟು ದೂರ? ಮ್ಯಾಪ್‌ನಲ್ಲಿ ನೇರ ಗೆರೆ ಎಳೆದು ನೋಡಿದೆ. ಸುಮಾರು 100 ಕಿಲೋಮೀಟರ್, ಅಷ್ಟೇ. ಗೆರೆ ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಾಡಿನ ಮೇಲೆ ಹಾದು, ಘಟ್ಟ ದಾಟಿ, ಸಮುದ್ರದ ಹತ್ತಿರ ಮುಗಿಯುತ್ತೆ.

ಕಾರಲ್ಲಿ ಹೊರಟರೆ ಕತೆ ಬೇರೆ. ಚೋರ್ಲಾ ಘಾಟ್ ಇಳೀಬೇಕು, ಇಲ್ಲಾಂದ್ರೆ ಖಾನಾಪುರ, ಲೋಂಡಾ ಮೇಲೆ ಹೋಗಿ ಅನ್ಮೋಡ್ ಘಾಟ್ ಹಿಡೀಬೇಕು. ಹೆಚ್ಚುಕಡಿಮೆ ನಾಲ್ಕು ಗಂಟೆ ದಾರಿ. ಆದರೆ ಒಂದು ಕಾಲದಲ್ಲಿ ಈ ದಾರಿಯೇ ಮುಚ್ಚಿತ್ತು.

ಸಾಂಬ್ರಾ ರನ್‌ವೇ ಕಟ್ಟಿದ್ದು 1942ರಲ್ಲಿ, ಬ್ರಿಟಿಷರ ರಾಯಲ್ ಏರ್ ಫೋರ್ಸ್. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಣರಂಗಕ್ಕೆ ಹೋಗುವ ಸೈನಿಕರ ತರಬೇತಿಗೆ ಅದು ಬೇಕಿತ್ತು. ದಾಬೋಲಿಂ ಶುರುವಾಗಿದ್ದು 1955ರಲ್ಲಿ, ಪೋರ್ಚುಗೀಸರಿಂದ. ಯಾಕೆ ಗೊತ್ತಾ? ಗೋವಾ ಬಿಟ್ಟುಕೊಡಲು ಅವರು ಒಪ್ಪದಿದ್ದಾಗ ಭಾರತ ಆರ್ಥಿಕ ದಿಗ್ಬಂಧನ ಹಾಕಿತು. ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾಕ್ಕೆ ಹೋಗುತ್ತಿದ್ದ ರೈಲು ಸಂಪರ್ಕ ಆ ವರ್ಷವೇ ಕಡಿದುಹೋಯಿತು. ಹಾಗಾಗಿ ಅವರು ಆಕಾಶದ ದಾರಿ ಹುಡುಕಿಕೊಂಡರು. ದಾಬೋಲಿಂನಿಂದ ಕರಾಚಿಗೆ ವಿಮಾನ ಹಾರುತ್ತಿತ್ತು, ಪಕ್ಕದ ಬೆಳಗಾವಿಗೆ ಬರೋಕೆ ಆಗ್ತಿರಲಿಲ್ಲ! ಘಟ್ಟದ ಆಚೆಗೂ ಈಚೆಗೂ ನೆಂಟಸ್ತನ, ವ್ಯಾಪಾರ ಇದ್ದವರಿಗೆ ಆರು ವರ್ಷ ನೂರು ಕಿಲೋಮೀಟರ್ ಅಂದರೆ ಪರದೇಶ.

1961ರ ಡಿಸೆಂಬರ್ 18. ಆಪರೇಷನ್ ವಿಜಯ್. ಪುಣೆಯಿಂದ ಹೋದ 12 ಕ್ಯಾನ್‌ಬೆರಾ ಬಾಂಬರ್‌ಗಳು ದಾಬೋಲಿಂ ರನ್‌ವೇ ಮೇಲೆ ಬಾಂಬ್ ಹಾಕಿದವು. ಸಾಂಬ್ರಾದಿಂದ ಎದ್ದ ಆರು ಹಂಟರ್ ವಿಮಾನಗಳು ಬಾಂಬೋಲಿಂನ ರೇಡಿಯೊ ಕೇಂದ್ರವನ್ನು ಹೊಡೆದವು. ಹಂಟರ್ ವೇಗ ಗಂಟೆಗೆ ಸಾವಿರ ಕಿಲೋಮೀಟರ್ ಆಸುಪಾಸು. ಲೆಕ್ಕ ಹಾಕಿ, ಈ ದೂರ ಆರೇಳು ನಿಮಿಷದ್ದು. ಕೆಳಗೆ, ಅನ್ಮೋಡ್ ಕಡೆಯಿಂದ ಇಳಿದ ನಮ್ಮ 63ನೇ ಬ್ರಿಗೇಡ್‌ಗೆ ವಾಸ್ಕೋ ಮುಟ್ಟಲು ಎರಡು ದಿನ ಬೇಕಾಯಿತು.

ನಿಲ್ದಾಣದ ಕಟ್ಟಡಗಳನ್ನು ವಾಯುಪಡೆ ಮುಟ್ಟಲಿಲ್ಲ. ಅಲ್ಲಿ ಉಳಿದಿದ್ದ ಎರಡು ವಿಮಾನಗಳನ್ನು ಪೋರ್ಚುಗೀಸರು ಅದೇ ರಾತ್ರಿ, ಹಾಳಾದ ರನ್‌ವೇಯಲ್ಲಿ ಉಳಿದಿದ್ದ ತುಂಡಿನ ಮೇಲೆಯೇ ಎಬ್ಬಿಸಿ, ಅಧಿಕಾರಿಗಳ ಕುಟುಂಬಗಳನ್ನು ಕರಾಚಿಗೆ ಸಾಗಿಸಿದರು. ಡಿಸೆಂಬರ್ 19ರ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವಾ ಶರಣಾದರು. 451 ವರ್ಷದ ಆಳ್ವಿಕೆ ಮುಗಿಯಿತು.

ಇವತ್ತು ಖಾನಾಪುರದಲ್ಲಿ ರೈಲು ಹತ್ತಿದರೆ ಕಿಟಕಿ ಪಕ್ಕ ಕೂತು ದೂಧ್‌ಸಾಗರ್ ನೋಡುತ್ತಾ ವಾಸ್ಕೋ ಸೇರಬಹುದು. ಯಾರೂ ಪಾಸ್‌ಪೋರ್ಟ್ ಕೇಳಲ್ಲ. ಇಷ್ಟು ಹತ್ತಿರಕ್ಕೆ ವಿಮಾನವೇನೂ ಬೇಡ ಅನ್ನಿ, ಚೆಕ್-ಇನ್‌ಗೇ ಹಾರಾಟಕ್ಕಿಂತ ಹೆಚ್ಚು ಹೊತ್ತು ಬೇಕು. ಮುಂದಿನ ಸಲ ಘಾಟ್‌ನಲ್ಲಿ ಟ್ರಾಫಿಕ್ ಸಿಕ್ಕಿ ಬೇಜಾರಾದಾಗ, ಈ ದಾರಿ ತೆರೆಯೋಕೆ ಎಷ್ಟು ವರ್ಷ ಹಿಡೀತು ಅನ್ನೋದನ್ನ ಪಕ್ಕದಲ್ಲಿ ಕೂತವರಿಗೆ ಹೇಳಿ. ಮತ್ತೆ ಸಿಗೋಣ.