ದೀಕ್ಷಾಸ್ನಾನದ ದಾಖಲೆಯೂ ಜಾತಿ ಪ್ರಮಾಣಪತ್ರವೂ

ಧರ್ಮಕೇಂದ್ರದ ಗುರುಗಳ ಬಳಿಗೆ ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೇಳಿಕೊಂಡು ಬರುವವರುಂಟು. ಅಂತಹ ದಾಖಲೆಯಿದೆಯೆಂದು ಯಾರಿಗೂ ತಿಳಿಸಬೇಡಿರೆಂದು ಬೇಡಿಕೊಳ್ಳುವವರೂ ಉಂಟು. ದಾವಣಗೆರೆ, ಹರಿಹರಗಳಂತಹ ಊರುಗಳಿಗೆ ಪಾಲನಾಸೇವೆಗಾಗಿ ತೆರಳಲಿರುವ ಗುರುಅಭ್ಯರ್ಥಿಗಳು ಈ ಎರಡನೆಯ ಬೇಡಿಕೆಯ ಹಿಂದಿನ ಚರಿತ್ರೆಯನ್ನು ಅರಿತಿರುವುದು ಒಳಿತು.

ಅದರ ಮೂಲ 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಕಂಡಿಕೆಯಲ್ಲಿದೆ. ಹಿಂದೂ ಧರ್ಮವನ್ನಲ್ಲದೆ ಅನ್ಯಧರ್ಮವನ್ನು ಅವಲಂಬಿಸಿದವರಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲವೆಂದು ಅದು ವಿಧಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅವಕಾಶ ದೊರೆಯಿತು. ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಈ ನಿರ್ಬಂಧವಿಲ್ಲ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ಗುರುಪೀಠವುಳ್ಳ ವಾಲ್ಮೀಕಿ ನಾಯಕ ಸಮುದಾಯದವನೊಬ್ಬನು ಕ್ರೈಸ್ತನಾದರೆ ಅಷ್ಟರಿಂದಲೇ ಪಟ್ಟಿಯಿಂದ ಕಳಚಿಕೊಳ್ಳುವುದಿಲ್ಲ. ಪಕ್ಕದ ಕೇರಿಯ ಪರಿಶಿಷ್ಟ ಜಾತಿಯವನು ಕಳಚಿಕೊಳ್ಳುತ್ತಾನೆ. ರಾಜ್ಯ ಸರ್ಕಾರವು ಅವನನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇರಿಸಿದೆ, ನಿಜ. ಆದರೆ ಅವನು ಮಾಯಕೊಂಡದ ಮೀಸಲು ಕ್ಷೇತ್ರದಲ್ಲಿ ಅಭ್ಯರ್ಥಿಯಾಗಲಾರ.

ಈ ಗಡಿಯನ್ನು ಕಾಯುವುದೇ ಪರಿಶೀಲನೆ. ಕರ್ನಾಟಕದ 1990ರ ಮೀಸಲಾತಿ ಅಧಿನಿಯಮದ ಮೇರೆಗೆ ಪ್ರಮಾಣಪತ್ರವನ್ನು ಕೊಡುವವರು ತಹಶೀಲ್ದಾರರು. ಅವರ ಆದೇಶದ ಮೇಲೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ಸಿಂಧುತ್ವವನ್ನು ನಿರ್ಣಯಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾತಿ ಪರಿಶೀಲನಾ ಸಮಿತಿ. ಹೀಗಾಗಿ 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಹರಿಹರದವರು ಇದಕ್ಕಾಗಿ ಚಿತ್ರದುರ್ಗಕ್ಕೆ ಹೋಗಬೇಕಾಗಿಲ್ಲ. ಇಂತಹ ಸಮಿತಿಗಳಿಗೆ ಮಾದರಿಯನ್ನು ಹಾಕಿಕೊಟ್ಟದ್ದು ಮಹಾರಾಷ್ಟ್ರದ ಮಾಧುರಿ ಪಾಟೀಲ್ ಪ್ರಕರಣದಲ್ಲಿ 1994ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಶಾಲಾ ದಾಖಲೆ, ಜನನ ದಾಖಲೆಗಳನ್ನು ನೋಡುವುದರ ಜೊತೆಗೆ, ವಿಶೇಷವಾಗಿ ಪಂಗಡದವರ ವಿಷಯದಲ್ಲಿ, ಕುಲದೈವ, ಮದುವೆಯ ಪದ್ಧತಿ, ಶವಸಂಸ್ಕಾರದ ರೀತಿಗಳನ್ನೂ ವಿಚಾರಿಸಬೇಕೆಂದು ಅದು ಹೇಳಿತು. ಧರ್ಮ ಅಡ್ಡಿಯಲ್ಲವೆಂದ ಕಾನೂನೇ ಹಿಂಬಾಗಿಲಿನಿಂದ ಧರ್ಮವನ್ನು ಕೇಳಿದಂತಾಯಿತು! ಈ ಪರೀಕ್ಷೆಯೊಂದನ್ನೇ ಒರೆಗಲ್ಲಾಗಿ ಹಿಡಿಯಲಾಗದೆಂದು ಅದೇ ನ್ಯಾಯಾಲಯ 2011ರಲ್ಲಿಯೂ 2023ರಲ್ಲಿಯೂ ಸ್ಪಷ್ಟಪಡಿಸಬೇಕಾಯಿತು.

ಸಮಿತಿಗಳು ಹುಟ್ಟುವುದಕ್ಕೆ ಮುನ್ನವೇ ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರ ಈ ಪ್ರಶ್ನೆಯನ್ನು ಎರಡು ಬಾರಿ ದೆಹಲಿಗೆ ಕೊಂಡೊಯ್ದಿತ್ತು. ಕ್ರೈಸ್ತರಾಗಿದ್ದು ಮರಳಿ ಹಿಂದೂಗಳಾದೆನೆಂದ ಎಸ್. ರಾಜಗೋಪಾಲ್ ಅವರ 1967ರ ಗೆಲುವು ನಿಲ್ಲಲಿಲ್ಲ. 1968ರ ತೀರ್ಪು ಅವರ ವಿರುದ್ಧವಾಯಿತು. 1972ರಲ್ಲಿ ಅವರೇ ಮತ್ತೆ ಗೆದ್ದರು, ಸಿ. ಎಂ. ಆರ್ಮುಗಂ ಮತ್ತೆ ಪ್ರಶ್ನಿಸಿದರು. ಈ ಬಾರಿ, ಆದಿದ್ರಾವಿಡ ಸಮುದಾಯವು ಅವರನ್ನು ತನ್ನವನೆಂದು ಮರಳಿ ಸ್ವೀಕರಿಸಿದೆಯೆಂದು ಕಂಡುಕೊಂಡ ನ್ಯಾಯಾಲಯ 1975ರಲ್ಲಿ ಅವರ ಆಯ್ಕೆಯನ್ನು ಎತ್ತಿಹಿಡಿಯಿತು. ಒಬ್ಬನ ಜಾತಿಯನ್ನು ಹೇಳಬಲ್ಲವರು ಅವನ ಜನ ಎಂಬ ಈ ಮಾತು ನಮಗೆ ತೀರ ಮುಖ್ಯವೆನಿಸುತ್ತದೆ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣ ಬೇರೆ ದಿಕ್ಕಿಗೆ ಹೊರಳಿತು: ಶೈಶವದ ದೀಕ್ಷಾಸ್ನಾನವನ್ನೂ ಮುಂದುವರಿದ ದೇವಾಲಯದ ಬದುಕನ್ನೂ ಎಣಿಕೆಗೆ ತೆಗೆದುಕೊಂಡು, ಸೌಲಭ್ಯಕ್ಕಾಗಿಯೇ ಹಿಂದೂವೆಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಬಗೆದ ವಂಚನೆಯೆಂದು ಸರ್ವೋಚ್ಚ ನ್ಯಾಯಾಲಯ ನುಡಿಯಿತು.

ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ವಿಧಿಯಂತೆ ನಾವು ದಾಖಲಿಸುವುದು ದೀಕ್ಷಾಸ್ನಾನ ಪಡೆದವರ, ತಂದೆತಾಯಿಯರ, ಜ್ಞಾನಪೋಷಕರ ಹೆಸರು, ಸ್ಥಳ, ದಿನಾಂಕಗಳನ್ನು. ಜಾತಿಯ ಕಾಲಂ ಅಲ್ಲಿಲ್ಲ, ಇರಬಾರದು ಕೂಡ. ಆ ಪುಸ್ತಕವನ್ನು ಬಚ್ಚಿಡುವ, ತಿದ್ದುವ ಅಧಿಕಾರ ಯಾವ ಗುರುವಿಗೂ ಇಲ್ಲ. ಅಂಗಲಾಚುವ ತಾಯಿಯ ಮುಂದೆ ಇದನ್ನು ಹೇಳುವುದು ಸುಲಭವಲ್ಲವೆಂಬುದನ್ನೂ ಬಲ್ಲೆವು.

ಆದರೆ ನಾವು ಬರೆಯದೆ ಬಿಟ್ಟದ್ದೂ ನ್ಯಾಯಾಲಯದಲ್ಲಿ ಸಾಕ್ಷಿಯಾಗುತ್ತದೆ. ಮದರಾಸಿನ ಚಮ್ಮಾರ ಸೂಸೈ ಅವರು ಕ್ರೈಸ್ತರೆಂಬ ಕಾರಣಕ್ಕೆ ಸರ್ಕಾರದ ಪೆಟ್ಟಿಗೆ ಅಂಗಡಿ ದೊರೆಯದೆ ಮೊರೆಹೊಕ್ಕಾಗ, ಮತಾಂತರದ ಬಳಿಕವೂ ಜಾತಿಯ ಪೀಡೆ ಅಷ್ಟೇ ತೀವ್ರವಾಗಿದೆಯೆಂದು ತೋರಿಸುವ ಅಧಿಕೃತ, ವಿವರವಾದ ಅಧ್ಯಯನವನ್ನು ಮುಂದಿಟ್ಟಿಲ್ಲವೆಂದು 1985ರಲ್ಲಿ ಅವರ ಅರ್ಜಿ ಬಿದ್ದುಹೋಯಿತು. ತನ್ನೊಳಗಿನ ಜಾತಿಭೇದವನ್ನು ಒಪ್ಪಿಕೊಂಡು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣ ನೀತಿಯನ್ನು ಹೊರತಂದದ್ದು 2016ರಲ್ಲಿ, ಅಂದರೆ 31 ವರ್ಷಗಳ ತರುವಾಯ. ಮತಾಂತರಗೊಂಡ ದಲಿತರ ಸ್ಥಿತಿಗತಿಯನ್ನು ಅರಿಯಲು 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಕವಾದಾಗ ಅದರ ಮುಂದಿದ್ದುದು ಸೂಸೈ ಅವರಿಗೆ ಹಾಕಿದ ಪ್ರಶ್ನೆಯೇ. ಅದಕ್ಕೆ ಬೇಕಾದ ವಿವರಗಳು ಹರಿಹರದ ಸ್ಮಶಾನದಲ್ಲಿ, ದಾವಣಗೆರೆಯ ಮದುವೆ ಮಾತುಕತೆಗಳಲ್ಲಿ, ಪಾಲನಾ ಸಮಿತಿಯ ಸದಸ್ಯರ ಪಟ್ಟಿಯಲ್ಲಿ ಹುಡುಕಿ ಬರೆದಿಡಬೇಕಾದವು. ಆ ಕೆಲಸವನ್ನು ಯಾವ ತಹಶೀಲ್ದಾರರೂ ನಮಗಾಗಿ ಮಾಡಲಾರರು.